ನೆಲದಡಿಯ ನೀರ್ಗಾಲಿಗಳು

ನೀರಿನ ಬಲದಿಂದ ನಡೆಯುತ್ತಿದ್ದ ಹಳೆಯ ಗಿರಣಿ ಎಂದೊಡನೆ ಗೋಡೆಯ ಪಕ್ಕದಲ್ಲಿ ತಿರುಗುವ ಮರದ ದೊಡ್ಡ ಜಲಚಕ್ರವೇ ಕಣ್ಣಿಗೆ ಕಟ್ಟುತ್ತದೆಯಾದರೂ, 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳ ಹೊಳೆದಂಡೆಯಲ್ಲಿದ್ದ ನೂಲಿನ ಗಿರಣಿ, ಹಿಟ್ಟಿನ ಗಿರಣಿ ಮತ್ತು ಮರ ಕೊಯ್ಯುವ ಕಾರ್ಖಾನೆಗಳನ್ನು ಹೆಚ್ಚಾಗಿ ನಡೆಸುತ್ತಿದ್ದುದು ಕಟ್ಟಡದ ತಳದ ಹೊಂಡದಲ್ಲಿ, ನೀರಿನೊಳಗೇ ಮುಳುಗಿ, ಯಾರ ಕಣ್ಣಿಗೂ ಬೀಳದೆ ಸುತ್ತುತ್ತಿದ್ದ ಬೀಡು ಕಬ್ಬಿಣದ ಟರ್ಬೈನು. ಗಿರಣಿಗಳು ಮುಚ್ಚಿಹೋದ ಮೇಲೆ ಮರದ ಚಕ್ರಗಳು ಕೊಳೆತು ಮರೆಯಾದವು. ಟರ್ಬೈನುಗಳಲ್ಲಿ ಎಷ್ಟೋ ಹೂಳಿನಡಿಯಲ್ಲಿ ಹಾಗೆಯೇ ಉಳಿದವು. ಅವನ್ನು ಹುಡುಕಿ, ಹೊರತೆಗೆದು ಅಥವಾ ಇದ್ದಲ್ಲಿಯೇ ಬಿಟ್ಟು ಕಾಪಾಡುವ ಕೆಲಸ ಕಳೆದ ಐದು ದಶಕಗಳಲ್ಲಿ ಇಂಜಿನಿಯರಿಂಗ್, ಲೋಹಶಾಸ್ತ್ರ ಮತ್ತು ಇತಿಹಾಸ ಮೂರನ್ನೂ ಬಲ್ಲವರ ಒಂದು ವಿಶಿಷ್ಟ ಕುಶಲವಿದ್ಯೆಯಾಗಿ ರೂಪುಗೊಂಡಿದೆ.

ಜಲಚಕ್ರವನ್ನು ನೀರು ಒಂದು ಬದಿಯಲ್ಲಷ್ಟೇ ತನ್ನ ಭಾರದಿಂದಲೋ ರಭಸದಿಂದಲೋ ದೂಡಿದರೆ, ಟರ್ಬೈನಿನಲ್ಲಿ ನೀರು ಸುತ್ತಲಿನ ಸ್ಥಿರ ಅಲಗುಗಳ ನಡುವೆ ಹಾದು ತಕ್ಕ ಕೋನದಲ್ಲಿ ತಿರುಗಿ, ಒಳಗಿನ ಚಲಿಸುವ ಚಕ್ರದ ಎಲ್ಲ ಅಲಗುಗಳ ಮೇಲೂ ಏಕಕಾಲಕ್ಕೆ ಒತ್ತುತ್ತದೆ. ಫ್ರಾನ್ಸಿನ ಬೆನುವಾ ಫೂರ್ನೆರಾನ್ 1827ರಲ್ಲಿ ಸುಮಾರು ಆರು ಅಶ್ವಶಕ್ತಿಯ ಇಂಥ ಯಂತ್ರವನ್ನು ನಡೆಸಿ ತೋರಿಸಿದ ಮೇಲೆ, 1837ರ ವೇಳೆಗೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಸೇಂಟ್ ಬ್ಲಾಸಿಯನ್‌ನಲ್ಲಿ ನೂರು ಮೀಟರಿಗೂ ಮೇಲಿನಿಂದ ಬೀಳುವ ನೀರನ್ನು ಬಳಸಿ, ಕೇವಲ ಒಂದಡಿ ವ್ಯಾಸದ ಚಕ್ರದಿಂದ ಸುಮಾರು 60 ಅಶ್ವಶಕ್ತಿಯನ್ನು ಪಡೆದನು. ಅದು ನಿಮಿಷಕ್ಕೆ 2,300 ಸುತ್ತು ತಿರುಗುತ್ತಿತ್ತು. ಒಳ್ಳೆಯ ಜಲಚಕ್ರದ ದಕ್ಷತೆಯೂ ಕಡಿಮೆಯದೇನಲ್ಲವಾದ್ದರಿಂದ, ಟರ್ಬೈನು ಗೆದ್ದದ್ದು ದಕ್ಷತೆಗಿಂತ ಮಿಗಿಲಾಗಿ ತನ್ನ ಚಿಕ್ಕ ಗಾತ್ರದಿಂದ, ವೇಗದಿಂದ ಮತ್ತು ಪ್ರವಾಹ ಬಂದು ಹೊರಗಾಲುವೆಯ ನೀರು ಹಿಮ್ಮುಖವಾಗಿ ಏರಿದಾಗಲೂ ಮುಳುಗಿಕೊಂಡೇ ದುಡಿಯಬಲ್ಲ ಗುಣದಿಂದ. ಈ ಮುಳುಗುವ ಗುಣವೇ ಮುಂದೆ ಅದನ್ನು ಸಂರಕ್ಷಕರಿಗಾಗಿ ಉಳಿಸಿಕೊಟ್ಟಿತೆಂಬುದು ಗಮನಾರ್ಹ.

ಈ ವಿದ್ಯೆ ಅಮೆರಿಕದಲ್ಲಿ ಬೇರೂರಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಪಟ್ಟಣದಲ್ಲಿ. ಮೆರಿಮ್ಯಾಕ್ ನದಿ ಅಲ್ಲಿ ಸುಮಾರು 32 ಅಡಿ ಇಳಿಯುವುದರಿಂದ, ಆ ಇಳಿತವನ್ನು ಕಾಲುವೆಗಳ ಮೂಲಕ ಹಂಚಿಕೊಂಡು ಹತ್ತಾರು ಹತ್ತಿಯ ಗಿರಣಿಗಳು ನಡೆಯುತ್ತಿದ್ದವು. 1844ರಲ್ಲಿ ಯುರಾಯಾ ಬಾಯ್ಡನ್ ಅಲ್ಲಿನ ಆಪಲ್ಟನ್ ಗಿರಣಿಗೆ ಫೂರ್ನೆರಾನ್ ಮಾದರಿಯನ್ನು ಸುಧಾರಿಸಿ 75 ಅಶ್ವಶಕ್ತಿಯ ಟರ್ಬೈನನ್ನು ಕೂರಿಸಿದನು. ಎರಡು ವರ್ಷಗಳ ತರುವಾಯ ಅವನ ಯಂತ್ರಗಳು ನೀರಿನ ಶಕ್ತಿಯಲ್ಲಿ ಶೇಕಡ 88ರಷ್ಟನ್ನು ದಕ್ಕಿಸಿಕೊಂಡವು. ಇಂಗ್ಲೆಂಡಿನಿಂದ ವಲಸೆ ಬಂದು ಕಾಲುವೆ ಕಂಪನಿಯ ಮುಖ್ಯ ಇಂಜಿನಿಯರಾಗಿದ್ದ ಜೇಮ್ಸ್ ಬಿ. ಫ್ರಾನ್ಸಿಸ್, ನೀರು ಒಳಗಿನಿಂದ ಹೊರಕ್ಕೆ ಹರಿಯುವ ಬಾಯ್ಡನ್ ಕ್ರಮವನ್ನು ತಿರುಗುಮುರುಗು ಮಾಡಿ, ಹೊರಗಿನಿಂದ ಒಳಕ್ಕೆ ಹರಿಯುವ ಚಕ್ರವನ್ನು ಲೆಕ್ಕಾಚಾರದ ಮೇಲೆ ರೂಪಿಸಿದನು ಮತ್ತು ತನ್ನ ಪ್ರಯೋಗಗಳನ್ನೆಲ್ಲ 1855ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಕಾಳಿ ನದಿಯ ನಾಗಝರಿ ವಿದ್ಯುದಾಗಾರದಲ್ಲಿ ಇಂದು ತಿರುಗುತ್ತಿರುವ ಟರ್ಬೈನುಗಳು ಅವನ ಹೆಸರನ್ನೇ ಹೊತ್ತಿವೆ.

ಬಾಯ್ಡನ್ನನ ಯಂತ್ರ ಶ್ರೀಮಂತ ಗಿರಣಿಗಳಿಗೆಂದು ಒಂದೊಂದಾಗಿ ಅಳತೆಗೆ ಮಾಡಿದ ದುಬಾರಿ ವಸ್ತುವಾಗಿತ್ತು. ಹಳ್ಳಿಯ ಗಿರಣಿಗೂ ಟರ್ಬೈನು ತಲುಪಿದ್ದು ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ಜೇಮ್ಸ್ ಲೆಫೆಲ್ 1862ರಲ್ಲಿ ಹಕ್ಕುಪತ್ರ ಪಡೆದ ಜೋಡಿ ಅಲಗುಸಾಲಿನ ಚಕ್ರದಿಂದ. ಆಮೇಲೆ ಹೋಲಿಯೋಕ್‌ನ ಹರ್ಕ್ಯುಲಿಸ್, ಪೆನ್ಸಿಲ್ವೇನಿಯದ ಯಾರ್ಕ್‌ನ ಎಸ್. ಮಾರ್ಗನ್ ಸ್ಮಿತ್ ಮುಂತಾದ ಹೆಸರುಗಳು ಬಂದವು. ಈ ತಯಾರಕರ ಕ್ಯಾಟಲಾಗುಗಳಲ್ಲಿ ಚಕ್ರದ ವ್ಯಾಸವನ್ನು ಇಂಚಿನಲ್ಲಿ ಕೊಟ್ಟು, ನೀರು ಇಂತಿಷ್ಟು ಅಡಿ ಇಳಿದರೆ ನಿಮಿಷಕ್ಕೆ ಎಷ್ಟು ಘನ ಅಡಿ ನೀರು ಬೇಕು, ಎಷ್ಟು ಸುತ್ತು, ಎಷ್ಟು ಅಶ್ವಶಕ್ತಿ ಎಂಬ ಕೋಷ್ಟಕಗಳನ್ನು ಅಚ್ಚು ಹಾಕಲಾಗುತ್ತಿತ್ತು. ಇವು ಬರಿಯ ಮಾರಾಟದ ಬಡಾಯಿಯಾಗದಂತೆ ತಡೆದದ್ದು ಹೋಲಿಯೋಕ್ ಪಟ್ಟಣದ ಪರೀಕ್ಷಾ ತೊಟ್ಟಿ. ಅಲ್ಲಿನ ನೀರಿನ ಕಂಪನಿ ಗಿರಣಿಗಳಿಗೆ ನೀರನ್ನು ಅಳೆದು ಮಾರುತ್ತಿದ್ದುದರಿಂದ, ಅದರ ಇಂಜಿನಿಯರ್ ಕ್ಲೆಮೆನ್ಸ್ ಹರ್ಷೆಲ್ 1880ರ ದಶಕದ ಆರಂಭದಲ್ಲಿ ಪ್ರತಿಯೊಂದು ಟರ್ಬೈನನ್ನೂ ತೊಟ್ಟಿಯಲ್ಲಿ ಪರೀಕ್ಷಿಸುವ ವ್ಯವಸ್ಥೆಯನ್ನು ಮಾಡಿದನು. ತೂಬು ಎಷ್ಟು ತೆರೆದಿದೆ, ಚಕ್ರದ ವೇಗವೆಷ್ಟು ಎಂಬುದನ್ನು ನೋಡಿದರೆ ಒಳಹೋದ ನೀರಿನ ಲೆಕ್ಕ ಸಿಗುತ್ತಿದ್ದುದರಿಂದ, ಗಿರಣಿಯನ್ನು ನಡೆಸುವ ಯಂತ್ರವೇ ಗಿರಣಿಯ ನೀರಿನ ಮೀಟರೂ ಆಯಿತು. ಇಂದು ಹೂಳಿನಿಂದ ಎತ್ತಿದ ಅನಾಮಿಕ ಚಕ್ರವೊಂದರ ವಂಶಾವಳಿಯನ್ನು ಬಿಡಿಸಲು ಸಂರಕ್ಷಕರು ಮೊದಲು ಮೊರೆಹೋಗುವುದು ಈ ಕೋಷ್ಟಕಗಳಿಗೂ ಪರೀಕ್ಷೆಯ ದಾಖಲೆಗಳಿಗೂ.

ಹತ್ತಿಯ ಉದ್ಯಮ ದಕ್ಷಿಣದ ರಾಜ್ಯಗಳಿಗೆ ಸರಿದದ್ದರಿಂದಲೂ ವಿದ್ಯುತ್ತು ಹಳ್ಳಿಗಳಿಗೆ ಹರಡಿದ್ದರಿಂದಲೂ ಈ ಯಂತ್ರಗಳು ಒಂದೊಂದಾಗಿ ನಿಂತವು. ಎರಡನೆಯ ಮಹಾಯುದ್ಧದ ಕಾಲದ ಗುಜರಿ ಸಂಗ್ರಹದಲ್ಲಿ ಹಳೆಯ ಯಂತ್ರಗಳು ರಾಶಿರಾಶಿಯಾಗಿ ಕುಲುಮೆ ಸೇರಿದಾಗ, ತೆಗೆಯುವ ಖರ್ಚೇ ಕಬ್ಬಿಣದ ಬೆಲೆಯನ್ನು ಮೀರುವಷ್ಟು ಆಳದಲ್ಲಿದ್ದ ಟರ್ಬೈನುಗಳಿಗೆ ಮಾತ್ರ ಪಾರಾಗುವ ಅವಕಾಶ ಹೆಚ್ಚಿತ್ತು. 1969ರಲ್ಲಿ ಅಮೆರಿಕದ ಸರ್ಕಾರ ಇಂಜಿನಿಯರಿಂಗ್ ಪರಂಪರೆಯನ್ನು ನಕ್ಷೆ ಮತ್ತು ಛಾಯಾಚಿತ್ರಗಳಲ್ಲಿ ದಾಖಲಿಸುವ ಯೋಜನೆಯನ್ನು ಆರಂಭಿಸಿದ ಮೇಲೆ, ಮತ್ತು 1970ರ ದಶಕದ ಆದಿಯಲ್ಲಿ ಕೈಗಾರಿಕಾ ಪುರಾತತ್ತ್ವದ ಸಂಘವೂ ಹಳೆಯ ಗಿರಣಿಗಳ ಸಂರಕ್ಷಣೆಯ ಸಂಘವೂ ಹುಟ್ಟಿಕೊಂಡ ಮೇಲೆ, ಇವುಗಳತ್ತ ಗಂಭೀರವಾದ ಗಮನ ಹರಿಯಿತು.

ಹೊರತೆಗೆಯುವ ಕೆಲಸ ನೀರನ್ನು ತಡೆಯುವುದರಿಂದ ಮೊದಲಾಗುತ್ತದೆ. ಒಳಗಾಲುವೆಯ ಬಾಯಿಗೆ ತಾತ್ಕಾಲಿಕ ಒಡ್ಡು ಕಟ್ಟಿ, ಹೊಂಡದ ನೀರನ್ನು ಪಂಪಿನಿಂದ ಖಾಲಿಮಾಡಿ, ದಶಕಗಳ ಹೂಳು, ಕೊಂಬೆ, ಕಲ್ಲುಗಳನ್ನು ಕೈಯಿಂದಲೇ ತೆಗೆಯಬೇಕಾಗುತ್ತದೆ. ಏಕೆಂದರೆ ಸ್ಥಿರ ಅಲಗುಗಳನ್ನು ತೆರೆದು ಮುಚ್ಚುವ ಕಡ್ಡಿ, ಕೊಂಡಿ, ಪಿನ್ನುಗಳಂಥ ಚಿಕ್ಕ ಭಾಗಗಳು ಕಳಚಿ ಆ ಹೂಳಿನಲ್ಲಿಯೇ ಬಿದ್ದಿರುವುದುಂಟು. ಕವಚದ ಮೇಲೆ ಎರಕದಲ್ಲೇ ಮೂಡಿದ ತಯಾರಕರ ಹೆಸರು, ಕ್ರಮಸಂಖ್ಯೆ, ವ್ಯಾಸ, ಮತ್ತು ಚಕ್ರ ಬಲಕ್ಕೆ ತಿರುಗುವುದೋ ಎಡಕ್ಕೋ ಎಂಬುದನ್ನು ಬರೆದುಕೊಳ್ಳಲಾಗುತ್ತದೆ. ಗಿರಣಿಯ ಒಳಗಿನ ದಂಡಗಳ ಜೋಡಣೆಗೆ ತಕ್ಕಂತೆ ಎರಡೂ ಬಗೆಯನ್ನು ತಯಾರಿಸುತ್ತಿದ್ದುದರಿಂದ, ಈ ಒಂದು ವಿವರದಿಂದ ಕಣ್ಮರೆಯಾದ ಗಿರಣಿಯ ಒಳಾಂಗಣದ ಬಗೆಗೂ ಊಹೆ ಸಾಧ್ಯವಾಗುತ್ತದೆ.

ಲೋಹದ ಸ್ಥಿತಿಯನ್ನು ನಿರ್ಣಯಿಸುವುದು ಇದಕ್ಕಿಂತ ಸೂಕ್ಷ್ಮವಾದುದು. ಸದಾ ಮುಳುಗಿದ ಕಬ್ಬಿಣಕ್ಕೆ ಆಮ್ಲಜನಕ ಕಡಿಮೆ ತಗಲುವುದರಿಂದ ಅದು, ಒಮ್ಮೆ ನೆನೆದು ಒಮ್ಮೆ ಒಣಗುವ ಕಬ್ಬಿಣಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಆದರೆ ಬೀಡು ಕಬ್ಬಿಣಕ್ಕೆ ಮೋಸದ ರೋಗವೊಂದಿದೆ: ಅದರಲ್ಲಿರುವ ಕಬ್ಬಿಣದ ಅಂಶವಷ್ಟೇ ನಿಧಾನವಾಗಿ ಕರಗಿಹೋಗಿ, ಗ್ರ್ಯಾಫೈಟ್ ಎಂಬ ಇಂಗಾಲದ ಹಂದರ ಹಿಂದೆ ಉಳಿಯುತ್ತದೆ. ಆಕಾರ ಒಂದಿಷ್ಟೂ ಕೆಡುವುದಿಲ್ಲ, ಅಕ್ಷರಗಳೂ ಮಾಸುವುದಿಲ್ಲ. ಚಾಕುವಿನಿಂದ ಗೀರಿದರೆ ಮಾತ್ರ ಸೀಸದಕಡ್ಡಿಯ ಹಾಗೆ ಕೆತ್ತಿಬರುತ್ತದೆ. ಇದನ್ನರಿಯದೆ ಸರಪಳಿ ಬಿಗಿದು ಎತ್ತಿದರೆ ಶತಮಾನ ಉಳಿದ ಕವಚ ಕ್ಷಣದಲ್ಲಿ ಮುರಿಯುತ್ತದೆ. ಆದ್ದರಿಂದ ಅನುಭವಿಗಳು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ನಾದ ಗಟ್ಟಿಯೋ ಮಂಕೋ ಎಂದು ಆಲಿಸಿ, ಅನಂತರವೇ ಎತ್ತುವ ಜಾಗವನ್ನು ನಿರ್ಧರಿಸುತ್ತಾರೆ. ತುಕ್ಕು ಹಿಡಿದ ನಟ್ಟುಗಳನ್ನು ಕಾಯಿಸಿ, ಎಣ್ಣೆ ಇಳಿಸಿ, ದಿನಗಟ್ಟಲೆ ಕಾದು ಬಿಚ್ಚಬೇಕು. ಬಿರುಕುಬಿಟ್ಟ ಬೀಡನ್ನು ಸಾಮಾನ್ಯ ವೆಲ್ಡಿಂಗ್‌ಗೆ ಒಡ್ಡಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಮೂಡುವ ಅಪಾಯವಿರುವುದರಿಂದ, ಇಡೀ ಭಾಗವನ್ನು ಮೊದಲೇ ಕಾಯಿಸಿ ನಿಕ್ಕಲ್ ಕಡ್ಡಿಯಿಂದ ಬೆಸೆಯುವುದೋ, ಶಾಖವೇ ಇಲ್ಲದೆ ಲೋಹದ ತುಂಡುಗಳಿಂದ ಹೊಲಿಗೆ ಹಾಕುವುದೋ ರೂಢಿಯಲ್ಲಿದೆ.

ಟರ್ಬೈನಿನ ಅತ್ಯಂತ ಕುತೂಹಲಕರ ಭಾಗ ಅದರ ತಳದಲ್ಲಿದೆ. ನೆಟ್ಟಗೆ ನಿಂತ ದಂಡದ ಭಾರವನ್ನೆಲ್ಲ ಹೊರುವ ತಳದ ಬೇರಿಂಗನ್ನು ಕಂಚಿನಿಂದಲೋ ಉಕ್ಕಿನಿಂದಲೋ ಮಾಡದೆ ಲಿಗ್ನಂ ವಿಟೆ ಎಂಬ ಮರದಿಂದ ಮಾಡುತ್ತಿದ್ದರು. ಕೆರಿಬಿಯನ್ ಸೀಮೆಯ ಈ ಮರ ನೀರಿನಲ್ಲಿ ಮುಳುಗುವಷ್ಟು ಭಾರ. ಅದರೊಳಗಿನ ರಾಳವೇ ಕೀಲೆಣ್ಣೆಯಾಗಿ ಕೆಲಸ ಮಾಡುವುದರಿಂದ, ಯಾವ ಕೈಯೂ ಎಣ್ಣೆ ಬಿಡಲು ತಲುಪಲಾರದ ಆ ಜಾಗದಲ್ಲಿ ಸುತ್ತಲಿನ ನೀರಿನ ನೆರವಿನಿಂದ ಅದು ವರ್ಷಗಟ್ಟಲೆ ಸವೆಯದೆ ನಿಲ್ಲುತ್ತಿತ್ತು. ಈಗ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ, ಯಂತ್ರವನ್ನು ಮತ್ತೆ ನಡೆಸಬೇಕೆನ್ನುವವರು ಹಳೆಯ ದಾಸ್ತಾನನ್ನು ಹುಡುಕಬೇಕು ಅಥವಾ ಪ್ಲಾಸ್ಟಿಕ್ಕಿನ ಬದಲಿ ವಸ್ತುಗಳಿಗೆ ಒಪ್ಪಬೇಕು. ದಂಡದ ಮೇಲ್ತುದಿಯ ದೊಡ್ಡ ಗೇರಿಗೂ ಮರದ ಹಲ್ಲುಗಳನ್ನೇ ಕೂರಿಸುವ ಪದ್ಧತಿಯಿತ್ತು: ಮರದ ಹಲ್ಲು ಕಬ್ಬಿಣದ ಚಿಕ್ಕ ಗೇರಿನೊಡನೆ ಕೂಡಿದಾಗ ಸದ್ದು ಕಡಿಮೆ, ಏನಾದರೂ ಸಿಕ್ಕಿಕೊಂಡರೆ ಮುರಿಯುವುದೂ ಸುಲಭವಾಗಿ ಬದಲಿಸಬಹುದಾದ ಆ ಹಲ್ಲೇ. ಅಂಥ ಹಲ್ಲುಗಳನ್ನು ಕೆತ್ತಬಲ್ಲ ಬಡಗಿಗಳು ಇಂದು ವಿರಳ. ಯಂತ್ರದ ಜೊತೆಗೆ ಉಳಿಯಬೇಕಾದ ಕೈಕಸುಬು ಇದೆಂಬುದನ್ನು ಮರೆತರೆ ಸಂರಕ್ಷಣೆ ಅರ್ಧದಷ್ಟೇ ಆದಂತೆ.

ಎತ್ತಿದ ಟರ್ಬೈನನ್ನು ಏನು ಮಾಡಬೇಕೆಂಬಲ್ಲಿ ಅಭಿಪ್ರಾಯಗಳು ಒಡೆಯುತ್ತವೆ. ವಸ್ತುಸಂಗ್ರಹಾಲಯದ ಅಂಗಳದಲ್ಲಿ ಕಪ್ಪು ಬಣ್ಣ ಬಳಿದು ನಿಲ್ಲಿಸಿದ ಚಕ್ರ ಸುರಕ್ಷಿತವಾಗಿರುತ್ತದೆ, ನಿಜ. ಆದರೆ ನೀರು ಎಲ್ಲಿಂದ ಬಂತು, ಎಷ್ಟು ಎತ್ತರದಿಂದ ಇಳಿಯಿತು, ಎಲ್ಲಿಗೆ ಹೋಯಿತು ಎಂಬುದು ಅಲ್ಲಿ ನೋಡುಗನಿಗೆ ತಿಳಿಯುವ ಬಗೆಯೇ ಇಲ್ಲ. ಟರ್ಬೈನಿನ ವೇಗವು ನೀರಿನ ಇಳಿತದ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, 12 ಅಡಿ ಇಳಿತಕ್ಕೆಂದು ಮಾಡಿದ ಚಕ್ರವನ್ನು 48 ಅಡಿಯ ಜಾಗಕ್ಕೆ ಒಯ್ದರೆ ಅದು ಇಮ್ಮಡಿ ವೇಗದಲ್ಲಿ ತಿರುಗಿ, ಎಂಟುಪಟ್ಟು ಶಕ್ತಿಯ ಒತ್ತಡಕ್ಕೆ ಸಿಲುಕುತ್ತದೆ. ಹೊಂಡ, ಕಾಲುವೆ, ಕಟ್ಟೆಗಳು ಯಂತ್ರದ ಅರ್ಧ ಭಾಗವೇ ಆಗಿರುವಾಗ, ಸಾಧ್ಯವಾದಲ್ಲೆಲ್ಲ ಅದನ್ನು ಇದ್ದಲ್ಲಿಯೇ ಉಳಿಸುವ ಮಾರ್ಗವೇ ಮೇಲೆನ್ನಬೇಕು. ನ್ಯೂಯಾರ್ಕ್ ರಾಜ್ಯದ ಕೊಹೋಸ್ ಪಟ್ಟಣದ ಹಾರ್ಮನಿ ಗಿರಣಿಯ ತಳದಲ್ಲಿ 1870ರ ದಶಕದ ಆದಿಯ, ತಲಾ 800 ಅಶ್ವಶಕ್ತಿಯ ಎರಡು ಬಾಯ್ಡನ್ ಟರ್ಬೈನುಗಳು ಹೀಗೆ ಉಳಿದವು. ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ ಅವನ್ನು 1975ರಲ್ಲಿ ಚಾರಿತ್ರಿಕ ಹೆಗ್ಗುರುತೆಂದು ಗುರುತಿಸಿತು, ಆಮೇಲೆ ಗಿರಣಿಯ ಕಟ್ಟಡ ವಸತಿಗೃಹಗಳಾಗಿ ಮಾರ್ಪಟ್ಟಿತು. 1978ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಉದ್ಯಾನವೆಂದು ಘೋಷಿತವಾದ ಲೋವೆಲ್‌ನ ಸಫೋಕ್ ಗಿರಣಿಯಲ್ಲಿ ಕಾಲುವೆಯ ನೀರಿನಿಂದಲೇ ಟರ್ಬೈನು ತಿರುಗುವುದನ್ನು ತೋರಿಸುವ ಏರ್ಪಾಡಾಯಿತು. ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿಯಲ್ಲಿ, ನಾರ್ತ್ ಸ್ಟಾರ್ ಚಿನ್ನದ ಗಣಿಗೆ ಒತ್ತಿದ ಗಾಳಿಯನ್ನು ಒದಗಿಸಲು 1890ರ ದಶಕದಲ್ಲಿ ಕಟ್ಟಿದ 30 ಅಡಿ ವ್ಯಾಸದ ಪೆಲ್ಟನ್ ಚಕ್ರ ತನ್ನ ಕಲ್ಲಿನ ಯಂತ್ರಾಗಾರದಲ್ಲೇ ವಸ್ತುಸಂಗ್ರಹಾಲಯದ ಮುಖ್ಯ ಆಕರ್ಷಣೆಯಾಗಿದೆ. ಅಂಚಿನ ಬಟ್ಟಲುಗಳಿಗೆ ನೀರಿನ ಧಾರೆ ಬಡಿದು ತಿರುಗುವ ಈ ಚಕ್ರ, ಎತ್ತರದಿಂದ ಇಳಿಯುವ ಅಲ್ಪ ನೀರಿಗೆ ಹೇಳಿಮಾಡಿಸಿದ್ದು. ಶರಾವತಿ ವಿದ್ಯುದಾಗಾರದ ಯಂತ್ರಗಳು ಇದೇ ಕುಲದವು.

ಹಳೆಯ ಟರ್ಬೈನುಗಳಿಗೆ ಬಂದ ಅದೃಷ್ಟವೂ ಆಪತ್ತೂ ಒಂದೇ ಕಾನೂನಿನಿಂದ ಬಂತೆನ್ನಬಹುದು. ಸಣ್ಣ ಉತ್ಪಾದಕರ ವಿದ್ಯುತ್ತನ್ನು ಕಂಪನಿಗಳು ಕೊಳ್ಳಲೇಬೇಕೆಂದು 1978ರಲ್ಲಿ ಅಮೆರಿಕ ಕಾಯಿದೆ ಮಾಡಿದಾಗ, ಪಾಳುಬಿದ್ದ ಗಿರಣಿಗಳ ಹೊಂಡಗಳಿಗೆ ಮತ್ತೆ ಬೆಲೆ ಬಂತು; ಕೆಲವೆಡೆ ಹಳೆಯ ಚಕ್ರಗಳನ್ನೇ ದುರಸ್ತಿಮಾಡಿ ಜನರೇಟರಿಗೆ ಜೋಡಿಸಿದರೆ, ಇನ್ನು ಕೆಲವೆಡೆ ಹೊಸ ಯಂತ್ರಕ್ಕೆ ಜಾಗ ಮಾಡಲು ಅವನ್ನು ಒಡೆದು ತೆಗೆದರು. ಆ ಬಳಿಕ ನದಿಗಳ ಪರವಾದ ವಾದ ಬಲಗೊಂಡಿತು. ಮೇನ್ ರಾಜ್ಯದ ಕೆನ್ನೆಬೆಕ್ ನದಿಗೆ 1837ರಲ್ಲಿ ಕಟ್ಟಿದ್ದ ಎಡ್ವರ್ಡ್ಸ್ ಕಟ್ಟೆ, ಕೇವಲ 3.5 ಮೆಗಾವಾಟ್ ವಿದ್ಯುತ್ತಿಗಾಗಿ ಮೀನುಗಳ ವಲಸೆಗೆ ಅಡ್ಡವಾಗಿದೆಯೆಂದು 1999ರಲ್ಲಿ ತೆರವಾಯಿತು. ಆ ನಿರ್ಣಯವನ್ನು ತಪ್ಪೆನ್ನುವುದು ಕಷ್ಟ. ಕಟ್ಟೆ ಹೋದಲ್ಲಿ ಟರ್ಬೈನಿನ ಅರ್ಥವೂ ಹೋಗುವುದರಿಂದ, ಅಂಥ ಕಡೆ ಹೊಂಡವನ್ನು ಅಳೆದು, ನಕ್ಷೆ ಬರೆದು, ಪ್ರತಿಯೊಂದು ಭಾಗಕ್ಕೂ ಗುರುತು ಹಾಕಿ ಹೊರತೆಗೆಯುವುದೊಂದೇ ದಾರಿ.

ಭಾರತದಲ್ಲಿ ಈ ಪರಂಪರೆ ಗಿರಣಿಗಿಂತ ವಿದ್ಯುತ್ತಿನ ಮೂಲಕವೇ ಹೆಚ್ಚಾಗಿ ಕಾಲಿಟ್ಟಿತು. 1880ರ ದಶಕದಲ್ಲಿ ಘಟಪ್ರಭೆಯ ಜಲಪಾತದ ಬಲವನ್ನು ನೆಚ್ಚಿ ಹುಟ್ಟಿದ ಗೋಕಾಕದ ನೂಲಿನ ಗಿರಣಿಯೇ ಲೋವೆಲ್‌ನ ಮಾದರಿಗೆ ಕನ್ನಡ ನಾಡಿನಲ್ಲಿರುವ ಹತ್ತಿರದ ಸಂಬಂಧಿ. ದಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್‌ನಲ್ಲಿ 1897ರ ನವೆಂಬರ್ 10ರಂದು ತಲಾ 65 ಕಿಲೋವಾಟ್‌ನ ಎರಡು ಯಂತ್ರಗಳೊಂದಿಗೆ ದೇಶದ ಮೊದಲ ಜಲವಿದ್ಯುದಾಗಾರ ಆರಂಭವಾಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿದಾಗ, ಅಲ್ಲಿನ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದಲೂ ಬಂದಿದ್ದವು, ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರಿನ ಆ ಆಗಾರ ನಮ್ಮ ಕಾಲದವರೆಗೂ ದುಡಿಯುತ್ತ ಬಂದಿದೆ. ಮುನ್ನಾರಿನ ಚಹಾ ವಸ್ತುಸಂಗ್ರಹಾಲಯದಲ್ಲಿ 1920ರ ದಶಕದಲ್ಲಿ ಕಣ್ಣಿಮಲೆ ತೋಟದ ವಿದ್ಯುತ್ ಘಟಕದಲ್ಲಿ ತಿರುಗುತ್ತಿದ್ದ ಪೆಲ್ಟನ್ ಚಕ್ರವನ್ನು ಪ್ರದರ್ಶನಕ್ಕಿಡಲಾಗಿದೆ. ಶಿವನಸಮುದ್ರದಂಥ ಆಗಾರಗಳ ಸಮಸ್ಯೆ ಲೋವೆಲ್‌ನದಕ್ಕಿಂತ ಬೇರೆ ಬಗೆಯದು: ಅಲ್ಲಿ ಯಂತ್ರ ನಿಂತುಹೋದದ್ದರಿಂದ ಮರೆತುಹೋಯಿತು, ಇಲ್ಲಿ ಯಂತ್ರ ಇನ್ನೂ ನಡೆಯಬೇಕಾಗಿರುವುದರಿಂದ ಪ್ರತಿ ನವೀಕರಣದಲ್ಲೂ ಹಳೆಯ ಚಕ್ರ, ಅಲಗು, ವೇಗನಿಯಂತ್ರಕಗಳು ನಿರುಪಯುಕ್ತ ಸಾಮಗ್ರಿಯ ಪಟ್ಟಿಗೆ ಸೇರಿ ಹರಾಜಿಗೆ ಹೋಗುವ ಸಾಧ್ಯತೆಯಿರುತ್ತದೆ, ಮತ್ತು ಆ ಪಟ್ಟಿಯನ್ನು ಸಿದ್ಧಪಡಿಸುವ ಹಂತದಲ್ಲೇ ಇತಿಹಾಸ ಬಲ್ಲವರ ಕಣ್ಣಿಗೆ ಅದು ಬೀಳದಿದ್ದರೆ ಮುಂದೆ ಮಾಡಬಹುದಾದದ್ದು ಹೆಚ್ಚೇನೂ ಇರುವುದಿಲ್ಲ.