ದಂಡೆ ಬೋಳಿಸಿದೆ, ಎರಡು ಗುಂಟೆ ಹೋಯ್ತು

ನಮ್ಮದು ಚಿತ್ರದುರ್ಗ ಸೀಮೆ, ನಾಲ್ಕು ಎಕರೆ ಖುಷ್ಕಿ. ಶೇಂಗಾ, ರಾಗಿ, ಅಕ್ಕಡಿ ಸಾಲಿಗೆ ತೊಗರಿ. ಕೆಳಗಡೆ ಹಳ್ಳ. ವರ್ಷಕ್ಕೆ ಎರಡು ತಿಂಗಳು ಹರಿದರೆ ಹೆಚ್ಚು. ದಂಡೆ ಮೇಲೆ ಅಪ್ಪನ ಕಾಲದಿಂದ ಹೊಂಗೆ, ಲಕ್ಕಿ, ಕೇದಗೆ ಮೆಳೆ ಇತ್ತು. ಮೆಳೆಯಲ್ಲಿ ಹಾವು ಇರ್ತವೆ ಅಂತ ಮನೆಯವಳು ಆ ಕಡೆ ಹುಲ್ಲಿಗೂ ಹೋಗ್ತಿರಲಿಲ್ಲ. ನೆರಳಿಗೆ ಮೂರು ಸಾಲು ಶೇಂಗಾ ಬೇರೆ ಸೊರಗ್ತಿತ್ತು. 2021ರ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಎಲ್ಲ ಕೀಳಿಸಿದೆ. ನೋಡಿದವರು ಭೇಷ್ ಅಂದರು.

2022ರ ಹುಬ್ಬೆ ಮಳೆ ನಿಮಗೂ ನೆನಪಿರಬೇಕು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ. ಬೆಳಿಗ್ಗೆ ಹೋಗಿ ನೋಡಿದರೆ ಶೇಂಗಾ ಸಮೇತ ಎರಡು ಗುಂಟೆ ಮಣ್ಣು ಕುಸಿದು ಹಳ್ಳ ಸೇರಿತ್ತು. ಮೇಲ್ಗಡೆ ಹೊಲದವರು ಲಕ್ಕಿ, ಹೊಂಗೆ ಹಾಗೇ ಬಿಟ್ಟಿದ್ದರು. ಅವರದು ಒಂದು ಹೆಂಟೆ ಜಾರಿರಲಿಲ್ಲ. ಲಕ್ಕಿ ನೀರಿಗೆ ಬಗ್ಗಿ ಮಲಗಿ, ನೀರು ಇಳಿದ ಮೇಲೆ ಮತ್ತೆ ಎದ್ದಿತ್ತು.

ಮರು ವರ್ಷ ಬರ. ಕಾಯಿ ಕಟ್ಟಿದ ಅಷ್ಟಿಷ್ಟು ಶೇಂಗಾಕ್ಕೆ ಇಲಿ ಬಿದ್ದವು. ಮೆಳೆಯಲ್ಲಿ ಇದ್ದದ್ದು ಬಹುಪಾಲು ಕೇರೆ ಹಾವು. ವಿಷವಿಲ್ಲ, ಇಲಿಯೇ ಅದರ ಊಟ. ಅದಕ್ಕೇ ಇಲಿ ಹೆಚ್ಚಿತು ಅಂತ ಆಣೆ ಮಾಡಿ ಹೇಳಲಾರೆ, ಆದರೆ ಹಿಂದೆ ಇಷ್ಟು ಕಾಟ ಕಂಡಿಲ್ಲ. ಗದ್ದುಗೆ ಹಾಕಿದಂತೆ ನೀರಿನ ಮೇಲೆ ತೂಗ್ತಿದ್ದ ಗೀಜಗನ ಗೂಡುಗಳೂ ಇಲ್ಲ. ಗೀಜಗ ರಾಗಿ ತೆನೆಗೆ ಬೀಳ್ತದೆ, ನಿಜ. ಮರಿಗಳಿಗೆ ಮಾತ್ರ ಹುಳ ಹೆಕ್ಕಿ ತಂದು ಉಣಿಸ್ತದೆ. ಹೊಂಗೆ ಸೊಪ್ಪು ಈಗ ಬೇರೆಯವರ ಹತ್ತಿರ ಕೇಳಿ ತರಬೇಕು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ!

2024ರ ಮುಂಗಾರಿಗೆ ಮೊಳಕೈ ಉದ್ದದ ಬಲಿತ ಲಕ್ಕಿ ಕಡ್ಡಿ ಕಡಿದು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟೆ. ಮೇಕೆ, ದನ ಬಾಯಿ ಹಾಕೋದಿಲ್ಲ, ಬೇಲಿ ಖರ್ಚಿಲ್ಲ. ಅದರ ಹಿಂದೆ ಅರ್ಧ ಗೇಣಿಗೊಂದು ಲಾವಂಚ. ಲಾವಂಚದ ಬೇರು ಅಡ್ಡ ಹಬ್ಬದೆ ನೆಟ್ಟಗೆ ಕೆಳಗಿಳೀತದೆ, ಶೇಂಗಾಕ್ಕೆ ಅಷ್ಟು ತೊಂದರೆ ಇಲ್ಲ. ಹೊಂಗೆ ಬೀಜ ಊರಿದ್ದು ಅರ್ಧ ಹುಟ್ಟಿತು. ಕೇದಗೆಗೆ ಮನೆಯವಳು ಇನ್ನೂ ಒಪ್ಪಿಲ್ಲ.

ಕುಸಿದ ಗೋಡೆಯಲ್ಲಿ ಎರಡು ಮಾರು ಮಾತ್ರ ಏನೂ ನೆಡದೆ ಬಿಟ್ಟಿದ್ದೇನೆ. ಅಲ್ಲಿ ಮಿಂಚುಳ್ಳಿ ಬಿಲ ಕೊರೆದು ಮರಿ ಮಾಡಿದೆ. ಅದಕ್ಕೆ ಬೇಕಾದ್ದು ಇಂಥಾ ಬೋಳು ನೆಟ್ಟ ಗೋಡೆಯೇ. ಮಗನಿಗೆ ನಗು. ಈ ಮಳೆಗಾಲ ಹಳ್ಳ ಅಲ್ಲಿ ಎಷ್ಟು ಮಣ್ಣು ಕೇಳ್ತದೋ ನೋಡಬೇಕು.