ಉಪ್ಪುನೀರಿನಲ್ಲಿ ಬೆಳೆಯುವ ಅನ್ನ

ನಾವು ದಿನವೂ ಉಣ್ಣುವ ಅನ್ನವು ಎಲ್ಲಿಂದ ಬರುತ್ತದೆಂದು ಯಾರಾದರೂ ಕೇಳಿದರೆ, ನಗರವಾಸಿಗಳಾದ ನಾವು ಅಂಗಡಿಯಿಂದ ಎಂದು ಸುಲಭವಾಗಿ ಉತ್ತರ ಕೊಟ್ಟುಬಿಡುತ್ತೇವೆ. ಅಂಗಡಿಗೆ ಅದು ಎಲ್ಲಿಂದ ಬಂದಿತು, ಯಾರ ದುಡಿಮೆಯ ಫಲ, ಬರುವ ದಾರಿ ಒಂದು ದಿನ ಮುಚ್ಚಿಹೋದರೆ ನಮ್ಮ ಗತಿಯೇನು ಎಂಬ ವಿಚಾರ ನಮ್ಮ ಮನಸ್ಸಿಗೆ ಸುಳಿಯುವುದೇ ಅಪರೂಪ. ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡಬಲ್ಲ ಊರುಗಳಲ್ಲಿ ಕೊಚ್ಚಿಯೂ ಒಂದು.

ಕೊಚ್ಚಿಯ ಹಿನ್ನೀರಿನ ನಡುವೆ ವಿಲ್ಲಿಂಗ್ಡನ್ ಐಲ್ಯಾಂಡ್ ಎಂಬ ದ್ವೀಪವಿದೆ. ಇದರ ಬಹುಭಾಗ ನಿಸರ್ಗದತ್ತವಾದುದಲ್ಲ, ಮಾನವನಿರ್ಮಿತವಾದುದು. 1920ರಲ್ಲಿ ಕೊಚ್ಚಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರರ ನೇತೃತ್ವದಲ್ಲಿ ಬಂದರನ್ನು ಆಳಗೊಳಿಸಿದಾಗ ತಳದಿಂದ ಮೇಲೆತ್ತಿದ ಮಣ್ಣನ್ನೇ ಹಾಕಿ ಈ ನೆಲವನ್ನು ಕಟ್ಟಿದರು. ಅಂದಿನ ವೈಸರಾಯ್ ಲಾರ್ಡ್ ವಿಲ್ಲಿಂಗ್ಡನ್ನರ ಹೆಸರು ಇದಕ್ಕೆ ಬಂದಿತು. ದೊಡ್ಡ ಹಡಗುಗಳು ಇಲ್ಲಿಗೆ ಬರತೊಡಗಿದವು. ಆದರೆ ಬಂದರಿದ್ದ ಮಾತ್ರಕ್ಕೆ ಹೊಟ್ಟೆ ತುಂಬಲಿಲ್ಲ. ಆ ಕಾಲದಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ತಮಗೆ ಬೇಕಾದ ಅಕ್ಕಿಯ ದೊಡ್ಡ ಪಾಲಿಗೆ ಬರ್ಮಾ ದೇಶವನ್ನು ಅವಲಂಬಿಸಿದ್ದವು. 1942ರಲ್ಲಿ ಜಪಾನೀ ಸೈನ್ಯವು ಬರ್ಮಾವನ್ನು ಆಕ್ರಮಿಸಿದೊಡನೆ ಆ ಅಕ್ಕಿ ನಿಂತುಹೋಯಿತು. ಜನರು ಅನ್ನಕ್ಕಾಗಿ ಪರಿತಪಿಸಬೇಕಾಯಿತು. ದೂರದ ಕಣಜವನ್ನೇ ನೆಚ್ಚಿ ಕುಳಿತವರಿಗೆ ಒದಗಬಹುದಾದ ಕಷ್ಟಕ್ಕೆ ಇದೊಂದು ನಿದರ್ಶನ.

ಹಾಗಾದರೆ ಕೊಚ್ಚಿಯ ಸುತ್ತಮುತ್ತ ಅನ್ನ ಬೆಳೆಯುವ ನೆಲವೇ ಇರಲಿಲ್ಲವೆ? ಇತ್ತು, ಇಂದಿಗೂ ಸ್ವಲ್ಪಮಟ್ಟಿಗೆ ಇದೆ. ದ್ವೀಪದ ಉತ್ತರಕ್ಕೆ ಕಡಮಕ್ಕುಡಿ, ಏಳಿಕ್ಕರ ಮುಂತಾದ ಕಡೆಗಳಲ್ಲಿಯೂ, ದಕ್ಷಿಣಕ್ಕೆ ಚೆಲ್ಲಾನಂ ಕಡೆಯಲ್ಲಿಯೂ ಸಮುದ್ರದ ಉಬ್ಬರದೊಡನೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿವೆ. ಭತ್ತಕ್ಕೆ ಉಪ್ಪು ವಿಷವೆಂಬುದು ಎಲ್ಲರೂ ಬಲ್ಲ ಮಾತು. ಆದರೂ ಅಲ್ಲಿ ಪೊಕ್ಕಾಳಿ ಎಂಬ ಒಂದು ಜಾತಿಯ ಭತ್ತ ಬೆಳೆಯುತ್ತದೆ. ಅದು ಆಳೆತ್ತರಕ್ಕೂ ಬೆಳೆಯಬಲ್ಲ ಪೈರು. ಮಲಯಾಳದಲ್ಲಿ ಪೊಕ್ಕಂ ಎಂದರೆ ಎತ್ತರ. ಅದರಿಂದಲೇ ಈ ಹೆಸರು ಬಂದಿತೆಂದು ಹೇಳುವುದುಂಟು.

ಈ ಬೇಸಾಯದ ಕ್ರಮವು ವಿಚಾರಯೋಗ್ಯವಾದುದು. ಬೇಸಗೆಯ ಕೊನೆಯಲ್ಲಿ ರೈತರು ಗದ್ದೆಯ ಒಡ್ಡುಗಳನ್ನು ಭದ್ರಪಡಿಸಿ, ನೀರನ್ನು ಹೊರಬಿಟ್ಟು, ಮಣ್ಣನ್ನು ಚಿಕ್ಕ ಚಿಕ್ಕ ಗುಡ್ಡೆಗಳಾಗಿ ಒಟ್ಟುತ್ತಾರೆ. ಮುಂಗಾರಿನ ಮಳೆ ಈ ಗುಡ್ಡೆಗಳ ಮೇಲೆ ಸುರಿದು ಮಣ್ಣಿನಲ್ಲಿದ್ದ ಉಪ್ಪನ್ನು ತೊಳೆದುಹಾಕುತ್ತದೆ. ಆಮೇಲೆ ಮೊಳಕೆ ಬರಿಸಿದ ಬೀಜವನ್ನು ಗುಡ್ಡೆಗಳ ನೆತ್ತಿಯ ಮೇಲೆ ಬಿತ್ತುತ್ತಾರೆ. ಸಸಿಗಳು ಒಂದೂವರೆ ಅಡಿಯಷ್ಟು ಬೆಳೆದಾಗ ಗುಡ್ಡೆಯನ್ನು ಕಡಿದು, ಸಸಿಸಹಿತವಾದ ಮಣ್ಣನ್ನು ಗದ್ದೆಯ ತುಂಬ ಹರಡುತ್ತಾರೆ. ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಹಾಕುವ ಪದ್ಧತಿಯಿಲ್ಲ. ಅಕ್ಟೋಬರಿನ ಸುಮಾರಿಗೆ ಪೈರು ಮಾಗಿದಾಗ, ಕೆಲಸಗಾರರು (ಅವರಲ್ಲಿ ಹೆಂಗಸರೇ ಹೆಚ್ಚು) ಸೊಂಟದ ಮಟ್ಟದ ನೀರಿನಲ್ಲಿ ನಿಂತು ತೆನೆಗಳನ್ನು ಮಾತ್ರ ಕೊಯ್ಯುತ್ತಾರೆ. ದಂಟು ಅಲ್ಲಿಯೇ ಉಳಿಯುತ್ತದೆ.

ಉಳಿದ ದಂಟು ವ್ಯರ್ಥವಾಗುವುದಿಲ್ಲ. ಮಳೆ ನಿಂತೊಡನೆ ಹಿನ್ನೀರು ಮತ್ತೆ ಉಪ್ಪಾಗುತ್ತದೆ. ಆಗ ಗದ್ದೆಯ ತೂಬುಗಳನ್ನು ತೆರೆದರೆ ಉಬ್ಬರದ ನೀರಿನೊಡನೆ ಸಿಗಡಿಯ ಮರಿಗಳು ಒಳಗೆ ಬರುತ್ತವೆ. ಕೊಳೆತ ದಂಟಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳೇ ಅವಕ್ಕೆ ಆಹಾರ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಇಳಿತವು ಬಲವಾಗಿರುವಾಗ ತೂಬಿಗೆ ಬಲೆಯೊಡ್ಡಿ, ಬೆಳೆದ ಸಿಗಡಿಗಳನ್ನು ಹಿಡಿಯುತ್ತಾರೆ. ಸಿಗಡಿ ಮೀನುಗಳು ಬಿಟ್ಟ ಮಲವೇ ಮುಂದಿನ ಭತ್ತಕ್ಕೆ ಗೊಬ್ಬರ. ಹೀಗೆ ಅನ್ನವು ಮೀನನ್ನೂ ಮೀನು ಅನ್ನವನ್ನೂ ಸಾಕುತ್ತವೆ.

ಇದು ಒಬ್ಬನಿಂದ ಸಾಧ್ಯವಾಗುವ ಕೆಲಸವಲ್ಲ. ಒಡ್ಡು ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ತೂಬನ್ನು ತೆರೆಯುವ ಮುಚ್ಚುವ ಹೊತ್ತನ್ನು ಎಲ್ಲರೂ ಕೂಡಿ ಗೊತ್ತುಮಾಡಬೇಕು. ಆದುದರಿಂದ ಒಂದು ಬಯಲಿನ ರೈತರೆಲ್ಲ ಸೇರಿ ಪಾಡಶೇಖರ ಸಮಿತಿ ಎಂಬ ಸಂಘವನ್ನು ಕಟ್ಟಿಕೊಂಡಿರುತ್ತಾರೆ. ಏಪ್ರಿಲ್ ಮಧ್ಯದಲ್ಲಿ ಸಿಗಡಿಯ ಕಾಲ ಮುಗಿದಾಗ, ಗದ್ದೆಯಲ್ಲಿ ಉಳಿದ ಮೀನನ್ನು ಊರವರು ಯಾರು ಬೇಕಾದರೂ ಇಳಿದು ಹಿಡಿಯಬಹುದೆಂಬ ಸಂಪ್ರದಾಯವೂ ಉಂಟು. ನೆಲವಿಲ್ಲದವನಿಗೂ ನೆಲದ ಫಲದಲ್ಲಿ ಒಂದು ಪಾಲು ಸಲ್ಲಬೇಕೆಂಬ ಉದಾರಭಾವವನ್ನು ಇಲ್ಲಿ ಕಾಣಬಹುದು.

ಇಂತಹ ಜಾಣ್ಮೆ ಕೇರಳಕ್ಕೆ ಮಾತ್ರ ಸೀಮಿತವಾದುದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರವನ್ನು ಸೇರುವ ಕಡೆ ಗಜನಿ ಎಂಬ ಗದ್ದೆಗಳಿವೆ. ಅಲ್ಲಿ ಬೆಳೆಯುವ ಭತ್ತಕ್ಕೆ ಕಗ್ಗವೆಂದು ಹೆಸರು. ಅದೂ ಉಪ್ಪನ್ನು ಸಹಿಸುತ್ತದೆ, ನೆರೆಯನ್ನು ತಾಳುತ್ತದೆ. ಮಾಣಿಕಟ್ಟಾ ಎಂಬ ಹಳ್ಳಿಯ ರೈತರು ಒಟ್ಟಾಗಿ ಬೇಸಾಯ ಮಾಡಿ ಈ ತಳಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಗೋವೆಯ ಖಾಜಾನ್ ಗದ್ದೆಗಳೂ, ಕಣ್ಣೂರಿನ ಕೈಪಾಡ್ ಗದ್ದೆಗಳೂ ಇದೇ ಬಗೆಯವು. ಪಶ್ಚಿಮ ಕರಾವಳಿಯ ಜನರೆಲ್ಲ ಒಂದೇ ಸಮುದ್ರದಿಂದ ಒಂದೇ ಪಾಠವನ್ನು ಕಲಿತರೆಂದು ಹೇಳಬಹುದು.

ಆದರೆ ಈ ಗದ್ದೆಗಳ ಸ್ಥಿತಿ ಇಂದು ಸಮಾಧಾನಕರವಾಗಿಲ್ಲ. ಹಿಂದೆ ಪೊಕ್ಕಾಳಿಯು ಸುಮಾರು 25,000 ಹೆಕ್ಟೇರಿನಲ್ಲಿ ಬೆಳೆಯುತ್ತಿತ್ತೆಂದು ಲೆಕ್ಕ ಹೇಳುತ್ತಾರೆ. ಈಗ ಉಳಿದಿರುವುದು ಅದರ ಚಿಕ್ಕದೊಂದು ಅಂಶ. ಭತ್ತಕ್ಕಿಂತ ಸಿಗಡಿಗೆ ಬೆಲೆ ಹೆಚ್ಚು. ಆದುದರಿಂದ ವರ್ಷವೆಲ್ಲ ಸಿಗಡಿಯನ್ನೇ ಬೆಳೆಸುವ ಆಸೆ ಹಲವರಿಗೆ ಹುಟ್ಟಿತು. ಭತ್ತ ಹೋದರೆ ದಂಟೂ ಹೋಯಿತು, ಕೂಲಿಕಾರರ ಕೆಲಸವೂ ಹೋಯಿತು. 1990ರ ದಶಕದಲ್ಲಿ ಒತ್ತೊತ್ತಾಗಿ ಸಾಕಿದ ಸಿಗಡಿಗೆ ಬಿಳಿಚುಕ್ಕೆ ರೋಗ ತಗಲಿ ಕರಾವಳಿಯುದ್ದಕ್ಕೂ ದೊಡ್ಡ ನಷ್ಟವಾಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರಪ್ರದೇಶದಲ್ಲಿ ಅಂತಹ ಸಿಗಡಿಕೊಳಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಕ್ರಮಕ್ಕೆ ಮಾತ್ರ ಅನುಮತಿಯಿತ್ತಿತು. 2008ರಲ್ಲಿ ಕೇರಳವು ಭತ್ತದ ಗದ್ದೆಗಳ ರಕ್ಷಣೆಗಾಗಿ ಶಾಸನವನ್ನೇ ಮಾಡಿತು. ಒಂದು ಭತ್ತ, ಒಂದು ಮೀನು ಎಂಬುದೇ ಅಲ್ಲಿ ನ್ಯಾಯವಾದ ಮಾರ್ಗವೆಂದು ಪರಿಗಣಿತವಾಗಿದೆ. ಅಘನಾಶಿನಿಯ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಆದರೆ ಶಾಸನವು ಗದ್ದೆಯನ್ನು ಉಳಿಸಬಹುದೇ ಹೊರತು ತಾನೇ ಉಳಲಾರದು. ನೀರಿಗಿಳಿದು ದುಡಿಯುವವರು ಬೇಕು; ಅವರಿಗೆ ತಕ್ಕ ಪ್ರತಿಫಲ ದೊರೆಯಬೇಕು.

ಈ ಬೀಜಗಳ ಬೆಲೆಯನ್ನು ಲೋಕವು ಅರಿತಿದೆ. ಫಿಲಿಪೈನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪೊಕ್ಕಾಳಿಯ ಉಪ್ಪು ಸಹಿಸುವ ಗುಣವನ್ನು ಬೇರೆ ತಳಿಗಳಿಗೆ ತರಲು ಯತ್ನಿಸಿ ಯಶಸ್ಸು ಪಡೆದಿದ್ದಾರೆ. ಸಮುದ್ರದ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಅನೇಕ ದೇಶಗಳ ಗದ್ದೆಗಳಿಗೆ ಉಪ್ಪುನೀರು ನುಗ್ಗುವ ಭಯವಿದೆ. ಆಗ ಕೈಹಿಡಿಯಬಲ್ಲ ಗುಣವನ್ನು ಅಕ್ಷರವರಿಯದ ರೈತರು ತಲೆತಲಾಂತರದಿಂದ ತಮ್ಮ ಕಣಜಗಳಲ್ಲಿ ಕಾಪಾಡಿ ಇಟ್ಟಿದ್ದರು. ವರ್ಷವರ್ಷವೂ ಬಿತ್ತಿದರೆ ಮಾತ್ರ ಬೀಜ ರೈತನ ಕೈಯಲ್ಲಿ ಉಳಿಯುತ್ತದೆ. ಬಿತ್ತುವುದನ್ನು ಬಿಟ್ಟರೆ ಅದರೊಡನೆ ಆ ಬೇಸಾಯದ ಅರಿವೂ ನಶಿಸುತ್ತದೆ.

ವಿದ್ಯಾರ್ಥಿಗಳಾದ ನಾವು ಇದರಲ್ಲಿ ಮಾಡಬಹುದಾದುದೇನು? ನಮಗೆ ಗದ್ದೆಯಿಲ್ಲ, ತೂಬಿಲ್ಲ. ಆದರೂ ನಮ್ಮ ಸೀಮೆಯಲ್ಲಿ ಬೆಳೆಯುವ ಧಾನ್ಯಗಳ ಹೆಸರನ್ನು ನಾವು ತಿಳಿಯಬಹುದು. ಮನೆಯ ಹಿರಿಯರನ್ನು ಕೇಳಿ, ಅವರ ಬಾಲ್ಯದ ಅಕ್ಕಿ ರಾಗಿಗಳ ಬಗೆಗಳನ್ನು ಬರೆದಿಡಬಹುದು. ಹತ್ತಿರದ ರೈತನು ಬೆಳೆದುದನ್ನು ಕೊಂಡು ಉಣ್ಣುವಂತೆ ಮನೆಯವರಿಗೆ ಹೇಳಬಹುದು. ತಟ್ಟೆಯಲ್ಲಿ ಅನ್ನ ಬಿಡದಿರಬಹುದು. ಇವು ಸಣ್ಣ ಕೆಲಸಗಳೇ ಸರಿ. ಆದರೆ ಒಡ್ಡನ್ನು ಕಟ್ಟುವುದೂ ಒಂದೊಂದು ಹಿಡಿ ಮಣ್ಣಿನಿಂದಲೇ ಎಂಬುದನ್ನು ನಾವು ನೆನಪಿಡುವುದು ಒಳ್ಳೆಯದು.