ಹಳೆಯ ಗೋಡೆ, ಹೊಸ ಬಾಳು

ಹಳೆಯ ಮನೆಯೊಂದು ಶಿಥಿಲವಾದಾಗ ಮನೆಮಂದಿಯ ಕಣ್ಣಿಗೆ ಎರಡೇ ದಾರಿಗಳು ಕಾಣುತ್ತವೆ: ಕೆಡವಿ ಹೊಸದನ್ನು ಕಟ್ಟುವುದು, ಇಲ್ಲವೆ ಬೀಗ ಹಾಕಿ, ಹಿರಿಯರ ನೆನಪೆಂದು ದೂರದಿಂದ ಕೈಮುಗಿಯುವುದು. ಮೂರನೆಯ ದಾರಿಯೂ ಒಂದುಂಟು. ಅದನ್ನು ತೋರಿಸಿಕೊಟ್ಟ ನಗರಗಳಲ್ಲಿ ಬೆಲ್ಜಿಯಂ ದೇಶದ ಲೂವೆನ್ ಒಂದು. ಆ ದಾರಿಯನ್ನು ಸ್ನಾತಕೋತ್ತರ ವಿದ್ಯೆಯಾಗಿ ಕಲಿಸುವ ಕೇಂದ್ರವೂ ಅಲ್ಲಿದೆ.

ಡೈಲ್ ನದಿಯ ಕಾಲುವೆಗಳ ನಡುವೆ ಸುಮಾರು 3 ಹೆಕ್ಟೇರ್ ನೆಲದಲ್ಲಿ ಹಬ್ಬಿರುವ ಬೆಗೀನರ ಕೇರಿ, ಊರೊಳಗಿನ ಪುಟ್ಟ ಊರು. 13ನೆಯ ಶತಮಾನದಲ್ಲಿ ಹುಟ್ಟಿದ ಈ ಕೇರಿಯಲ್ಲಿ ಬೆಗೀನರೆಂಬ ಸ್ತ್ರೀಯರು ಕೂಡಿ ಬಾಳುತ್ತಿದ್ದರು. ಅವರದು ಭಕ್ತಿಯ ಜೀವನ. ಆದರೆ ಅವರು ಸನ್ಯಾಸಿನಿಯರಂತೆ ಆಜೀವ ದೀಕ್ಷೆ ತೊಟ್ಟವರಲ್ಲ. ಸ್ವಂತ ಆಸ್ತಿಯನ್ನು ಇಟ್ಟುಕೊಳ್ಳಬಹುದಿತ್ತು, ಬೇಕೆನಿಸಿದರೆ ಕೇರಿಯನ್ನು ಬಿಟ್ಟು ಹೋಗಲೂಬಹುದಿತ್ತು. ಇಂದು ಕಾಣುವ ಇಟ್ಟಿಗೆಯ ಮನೆಗಳಲ್ಲಿ ಹೆಚ್ಚಿನವು 17ನೆಯ ಶತಮಾನದವು. ಫ್ರೆಂಚ್ ಕ್ರಾಂತಿಯ ತರುವಾಯ ಕೇರಿಯ ಆಸ್ತಿ ಪರರ ಕೈಸೇರಿತು, ಬೆಗೀನರ ಸಂಖ್ಯೆ ಕರಗುತ್ತ ಬಂದಿತು, ಮನೆಗಳು ಜೀರ್ಣವಾದವು.

1962ರಲ್ಲಿ ಲೂವೆನ್ ವಿಶ್ವವಿದ್ಯಾನಿಲಯ ಇಡೀ ಕೇರಿಯನ್ನು ಕೊಂಡಿತು. ಜೀರ್ಣೋದ್ಧಾರದ ಹೊಣೆ ಕಲೆಯ ಇತಿಹಾಸಕಾರ, ಪ್ರಾಧ್ಯಾಪಕ ರೇಮಂಡ್ ಲೆಮೇರ್ ಅವರ ಹೆಗಲೇರಿತು. ಕೇರಿ ವಸ್ತುಸಂಗ್ರಹಾಲಯವಾಗಲಿಲ್ಲ. ಹಳೆಯ ಗೋಡೆಗಳೊಳಗೆ ನೀರು, ದೀಪ, ಬೆಚ್ಚಗಿನ ಕೋಣೆಗಳು ಬಂದವು. ವಿದ್ಯಾರ್ಥಿಗಳೂ ಅತಿಥಿ ವಿದ್ವಾಂಸರೂ ಅಲ್ಲಿ ಬಿಡಾರ ಹೂಡಿದರು. ಒಲೆ ಉರಿಯುವ ಮನೆಗೆ ಮುಪ್ಪು ತಡವಾಗಿ ಬರುತ್ತದೆಯಷ್ಟೆ!

ಇದೇ ಕಾಲದಲ್ಲಿ, 1964ರಲ್ಲಿ, ಸ್ಮಾರಕಗಳ ರಕ್ಷಣೆಗಾಗಿ ವೆನಿಸ್ ಸನ್ನದು ರೂಪುಗೊಂಡಿತು. ಅದರ ರಚನೆಯಲ್ಲಿ ಲೆಮೇರ್ ಅವರ ಪಾತ್ರ ಹಿರಿದು. ಸನ್ನದಿನ ಮಾತು ಸರಳವಾದುದು, ಆದರೆ ಕಠಿಣವಾದುದು. ಆಧಾರ ಮುಗಿದು ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರದ ಕೈ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಹಳೆಯದರೊಡನೆ ಹೊಂದಬೇಕು, ಆದರೆ ಹಳೆಯದೆಂದು ನಟಿಸಬಾರದು.

ಈ ವಿವೇಕವನ್ನು ಮುಂದಿನ ತಲೆಮಾರಿಗೆ ಕಲಿಸಲೆಂದು ಲೆಮೇರ್ 1976ರಲ್ಲಿ ಬ್ರೂಜ್ ನಗರದಲ್ಲಿ ಸ್ನಾತಕೋತ್ತರ ಕೇಂದ್ರವೊಂದನ್ನು ತೆರೆದರು. 1981ರಲ್ಲಿ ಅದು ಲೂವೆನ್ನಿಗೆ ಬಂದಿತು. ಇಂದು ಆ ಕೇಂದ್ರಕ್ಕೆ ಅವರದೇ ಹೆಸರು. ನಾನಾ ದೇಶಗಳ ವಾಸ್ತುಶಿಲ್ಪಿಗಳೂ ಇಂಜಿನಿಯರುಗಳೂ ಇತಿಹಾಸಕಾರರೂ ಅಲ್ಲಿ ಒಂದೇ ಮೇಜಿನ ಸುತ್ತ ಕಲಿಯುತ್ತಾರೆ. ಕಟ್ಟಡವನ್ನು ಅಳೆಯುವುದು, ಅದರ ಚರಿತ್ರೆಯನ್ನು ಓದುವುದು, ಕಲ್ಲು ಮರಗಳ ರೋಗವನ್ನು ಗುರುತಿಸುವುದು ಮೊದಲ ಪಾಠ. ಅದಕ್ಕೊಪ್ಪುವ ಹೊಸ ಉಪಯೋಗವನ್ನು ನಕ್ಷೆಯಲ್ಲಿ ಮೂಡಿಸುವುದು ಅನಂತರದ್ದು. ಬರಿಯ ಹಾಳೆಯ ಮೇಲೆ ಚಿತ್ರ ಬರೆಯುವುದು ಸುಲಭ; ಈಗಾಗಲೇ ಬರೆದಿರುವ ಹಾಳೆಯ ಮೇಲೆ, ಹಳೆಯ ಅಕ್ಷರ ಅಳಿಸದಂತೆ, ಹೊಸ ಸಾಲು ಸೇರಿಸುವುದು ಕಷ್ಟ.

ಗುರುವಿನ ಕೆಲಸವೂ ವಿಮರ್ಶೆಗೆ ಹೊರತಾಗಲಿಲ್ಲ. ಕೇರಿಯ ಮನೆಗಳಿಗೆ ಕವಚದಂತಿದ್ದ ಸುಣ್ಣದ ಲೇಪವನ್ನು ತೆಗೆಸಿ ಇಟ್ಟಿಗೆಯನ್ನು ಬಯಲು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಕೆಂಪು ಗೋಡೆ ಕಣ್ಣಿಗೆ ಚೆಂದ, ದಿಟ. ಆದರೆ ಮಳೆಗಾಳಿಯನ್ನು ತಡೆಯುತ್ತಿದ್ದ ಸುಣ್ಣವೂ ಆ ಮನೆಯ ಚರಿತ್ರೆಯೇ ಅಲ್ಲವೆ?

1998ರಲ್ಲಿ ಫ್ಲಾಂಡರ್ಸ್ ಪ್ರಾಂತದ ಇತರ ಬೆಗೀನರ ಕೇರಿಗಳೊಡನೆ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಕಿಟಕಿಗಳಲ್ಲಿ ಇಂದಿಗೂ ಸಂಜೆಯಾದರೆ ಓದುವ ದೀಪಗಳು ಬೆಳಗುತ್ತವೆ. ಹಳೆಯ ಮನೆಯನ್ನು ಉಳಿಸಲು ಪ್ರೀತಿಯೊಂದೇ ಸಾಲದು. ಎಲ್ಲಿ ಕೈಯಿಡಬೇಕು, ಎಲ್ಲಿ ಕೈ ತಡೆಯಬೇಕು ಎಂಬ ತಿಳಿವೂ ಬೇಕು. ಅದನ್ನು ಕಲಿತೇ ತಿಳಿಯಬೇಕು.